639 ವರ್ಷಗಳ ಒಂದು ಕಛೇರಿ

ನಮ್ಮಲ್ಲಿ ಸಂಗೀತ ಕಛೇರಿ ಎಂದರೆ ಸಾಮಾನ್ಯವಾಗಿ ಎರಡು-ಮೂರು ಗಂಟೆಗಳ ಕಾರ್ಯಕ್ರಮ. ಆದರೆ ಜರ್ಮನಿಯ ಹಾಲ್ಬರ್‌ಸ್ಟಾಟ್ ಪಟ್ಟಣದ ಸೇಂಟ್ ಬುರ್ಕಾರ್ಡಿ ಚರ್ಚಿನಲ್ಲಿ 2001ರ ಸೆಪ್ಟೆಂಬರ್ 5ರಂದು ಪ್ರಾರಂಭವಾದ ಕಛೇರಿ ಮುಗಿಯಬೇಕಾಗಿರುವುದು 2640ರಲ್ಲಿ! ಅಲ್ಲಿ ನುಡಿಯುತ್ತಿರುವ ವಾದ್ಯ ಆರ್ಗನ್.

ಕೃತಿಯನ್ನು ರಚಿಸಿದವರು ಅಮೆರಿಕದ ಜಾನ್ ಕೇಜ್ (1912-1992). 1985ರಲ್ಲಿ ಪಿಯಾನೊಗಾಗಿ ಬರೆದ ಇದನ್ನು ಅವರು 1987ರಲ್ಲಿ ಆರ್ಗನ್‌ಗೆ ಅಳವಡಿಸಿದರು. 'ಸಾಧ್ಯವಾದಷ್ಟು ನಿಧಾನವಾಗಿ' ನುಡಿಸಬೇಕೆಂಬುದು ಅವರ ಸೂಚನೆ. ಹಾಗಾದರೆ ಎಷ್ಟು ನಿಧಾನ ಸಾಧ್ಯ? ಈ ಪ್ರಶ್ನೆಗೆ ಭೌತವಿಜ್ಞಾನವೂ ಉತ್ತರ ಕೊಡಬೇಕಾಗುತ್ತದೆ.

ವೀಣೆಯ ತಂತಿಯನ್ನು ಮೀಟಿದಾಗ ಅದಕ್ಕೆ ಶಕ್ತಿ ಒಮ್ಮೆ ಮಾತ್ರ ದೊರೆಯುತ್ತದೆ. ಘರ್ಷಣೆಯಿಂದಲೂ ಶಬ್ದದ ರೂಪದಲ್ಲೂ ಆ ಶಕ್ತಿ ಕಳೆದುಹೋಗಿ ಕೆಲವೇ ಸೆಕೆಂಡುಗಳಲ್ಲಿ ಕಂಪನ ಅಡಗುತ್ತದೆ. ಸುತ್ತಿಗೆಯ ಪೆಟ್ಟಿನಿಂದ ನುಡಿಯುವ ಪಿಯಾನೊ ತಂತಿಯದೂ ಇದೇ ಕಥೆ. ಶ್ರುತಿಪೆಟ್ಟಿಗೆ ಹಾಗಲ್ಲ. ತಿದಿ ಗಾಳಿ ಊದುತ್ತಿರುವವರೆಗೂ ಸ್ವರ ನಿಲ್ಲುವುದಿಲ್ಲ. ಆರ್ಗನ್ ಕೂಡ ಗಾಳಿಯ ವಾದ್ಯವೇ. ಅದರ ಕೊಳವೆಯ ಬಾಯಿಯಲ್ಲಿ ಹಾಯುವ ಗಾಳಿ ಚೂಪಾದ ಅಂಚಿಗೆ ಬಡಿದು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗುತ್ತದೆ. ಕೊಳವೆಯೊಳಗಿನ ಗಾಳಿಕಂಬ ಇದರೊಂದಿಗೆ ಅನುರಣಿಸುತ್ತದೆ. ನಷ್ಟವಾದಷ್ಟೇ ಶಕ್ತಿ ಸತತವಾಗಿ ಪೂರೈಕೆಯಾಗುತ್ತಿದ್ದರೆ ಕಂಪನ ನಿಲ್ಲಲು ಕಾರಣವೇ ಇಲ್ಲ. ಹೀಗಾಗಿ ಆರ್ಗನ್ ಸ್ವರಕ್ಕೆ ತಾತ್ತ್ವಿಕವಾಗಿ ಕೊನೆಯಿಲ್ಲ. ಎಲ್ಲಿಯವರೆಗೆ ವಾದ್ಯ ಉಳಿಯುತ್ತದೋ ಅಲ್ಲಿಯವರೆಗೆ ಸ್ವರ.

ಹಾಲ್ಬರ್‌ಸ್ಟಾಟ್‌ನಲ್ಲಿ 1361ರಲ್ಲಿ ಒಂದು ಪ್ರಸಿದ್ಧ ಆರ್ಗನ್ ನಿರ್ಮಾಣವಾಗಿತ್ತು. 2000ದವರೆಗೆ ಅಲ್ಲಿಗೆ 639 ವರ್ಷ. ಕಛೇರಿಯ ಅವಧಿಯನ್ನು ನಿಗದಿಪಡಿಸಿದ್ದು ಈ ಲೆಕ್ಕದಿಂದ.

ಇದಕ್ಕೆ ಬಳಸಿದ ಆರ್ಗನ್ ಚಿಕ್ಕದು. ವಿದ್ಯುತ್ ಮೋಟರಿನಿಂದ ಗಾಳಿ ಬರುತ್ತದೆ. ವಾದಕರಿಲ್ಲ, ಮರಳಿನ ಚಿಕ್ಕ ಚೀಲಗಳು ಮನೆಗಳನ್ನು ಒತ್ತಿಹಿಡಿದಿರುತ್ತವೆ. ಸ್ವರ ಬದಲಾಗಬೇಕಾದಾಗ ಕೊಳವೆಗಳನ್ನು ಸೇರಿಸುತ್ತಾರೆ, ಇಲ್ಲವೇ ತೆಗೆಯುತ್ತಾರೆ. ಕೃತಿ ಮೌನದಿಂದ ಆರಂಭವಾಗುವುದರಿಂದ ಮೊದಲ 17 ತಿಂಗಳು ಕೇಳಿಸಿದ್ದು ಗಾಳಿಯ ಸದ್ದು ಮಾತ್ರ. ಮೊದಲ ಸ್ವರಗಳು ಹೊರಟದ್ದು 2003ರ ಫೆಬ್ರವರಿ 5ರಂದು. 2013ರ ಅಕ್ಟೋಬರಿನಲ್ಲಿ ಬದಲಾದ ಸ್ವರಗುಚ್ಛ ಮತ್ತೆ ಬದಲಾದದ್ದು 2020ರ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ಜನ ದೂರದೂರುಗಳಿಂದ ಬಂದು ಸೇರುತ್ತಾರೆ.

ಇಷ್ಟು ದೀರ್ಘವಾದ ಸ್ವರ ನಿಜಕ್ಕೂ ಸ್ಥಿರವೇ? ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಚಳಿಗಾಲಕ್ಕೂ ಬೇಸಿಗೆಗೂ 20 ಡಿಗ್ರಿ ಅಂತರವಿದ್ದರೆ ಕೊಳವೆಯ ಆವೃತ್ತಿ ಶೇಕಡಾ 3.5ರಷ್ಟು, ಅಂದರೆ ಅರ್ಧಸ್ವರದ ಅರ್ಧಕ್ಕಿಂತಲೂ ಹೆಚ್ಚು, ಏರುತ್ತದೆ. ಒಂದೇ ಸ್ವರವೆಂದು ನಾವು ಭಾವಿಸುವುದು ಋತುಗಳೊಂದಿಗೆ ಏರಿಳಿಯುತ್ತಿರುತ್ತದೆ.

ಯಂತ್ರದ ದೃಷ್ಟಿಯಿಂದ ಇಲ್ಲಿನ ಕಷ್ಟ ಬೇರೆ. ಯಾವ ಮೋಟರೂ 639 ವರ್ಷ ಬಾಳುವುದಿಲ್ಲ. ಬೇರಿಂಗ್ ಸವೆಯುತ್ತದೆ, ತಿದಿಯ ಚರ್ಮ ಬಿರಿಯುತ್ತದೆ, ವಿದ್ಯುತ್ತು ಹೋಗುತ್ತದೆ. ಹಾಳಾದದ್ದನ್ನು ರಿಪೇರಿ ಮಾಡಬೇಕು, ಆ ವಿದ್ಯೆಯನ್ನು ಮುಂದಿನವರಿಗೆ ಕಲಿಸಿಕೊಡಬೇಕು. ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳು ಈ ಕೆಲಸ ವಹಿಸಿಕೊಂಡರೆ ಮಾತ್ರ ಕಛೇರಿ ಮುಗಿದೀತು.

ಬ್ಯಾಟರಿ ಸೊರಗಿದೊಡನೆ ಮೊಬೈಲನ್ನೇ ಬದಲಿಸುವುದು ನಮಗೆ ರೂಢಿಯಾಗಿದೆ. ಯಂತ್ರವೆಂದರೆ ಬೇಗ ಕೆಲಸ ಮುಗಿಸಿ ಬೇಗ ಹಳತಾಗುವ ವಸ್ತು ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಲ್ಬರ್‌ಸ್ಟಾಟ್‌ನ ಆರ್ಗನ್ ಅದೇ ಭೌತನಿಯಮಗಳಿಗೆ ಒಳಪಟ್ಟ, ಅದೇ ವಿದ್ಯುತ್ತಿನಿಂದ ನಡೆಯುವ ಯಂತ್ರ. ಕೇಳುಗರಿಂದ ಅದು ಬಯಸುವುದು ತಾಳ್ಮೆಯನ್ನು, ನೋಡಿಕೊಳ್ಳುವವರಿಂದ ಆರೈಕೆಯನ್ನು. ಕೊನೆಯ ಸ್ವರವನ್ನು ಇಂದು ಬದುಕಿರುವ ಯಾರೂ ಕೇಳಲಾರರು. ಆದರೂ ಅದರ ಮೋಟರಿಗೆ ಎಣ್ಣೆ ಹಾಕಬೇಕಾದವರು ಇಂದಿನವರೇ.