ಮಳೆನಾಡಿನ ಮರುಭೂಮಿ

ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಮರುಭೂಮಿಯನ್ನು ಹುಡುಕಹೊರಟವನನ್ನು ಜನರು ಮರುಳನೆಂದಾರು. ಆದರೆ ಚೈತ್ರಮಾಸದ ನಡುಹಗಲಿನಲ್ಲಿ, ಬೈಂದೂರಿನ ಬಳಿ ಕಡಲಿಗೆ ಮುಖಮಾಡಿರುವ ಒತ್ತಿನೆಣೆಯಂತಹ ಗುಡ್ಡವನ್ನೇರಿ ಮುರಕಲ್ಲಿನ ಬಯಲಿನಲ್ಲಿ ನಿಂತರೆ ನಮಗೆ ಬೇರೆ ಹೆಸರು ತೋಚದು. ಅಲ್ಲಿ ನೆರಳಿಲ್ಲ, ನೀರಿಲ್ಲ. ಒಣಹುಲ್ಲಿನ ನಡುವೆ ಕರಿಗೆಂಪು ಕಲ್ಲು ಕಾದ ಕಾವಲಿಯಂತೆ ಸುಡುತ್ತಿರುವುದು.

ಈ ಬರಡುತನ ಬಂದುದೆಲ್ಲಿಂದ? ಮಳೆಯಿಂದಲೇ! ಲಕ್ಷಾಂತರ ವರ್ಷಗಳ ಮಳೆ ಮೂಲಶಿಲೆಯ ಸುಣ್ಣ, ಸಿಲಿಕಾ ಮುಂತಾದವನ್ನು ಕರಗಿಸಿ ಒಯ್ದಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು, ಗಾಳಿಬಿಸಿಲುಗಳಿಗೆ ಗಡುಸಾದುವು. ಮೆದುವಾದ ಈ ಕಲ್ಲನ್ನು ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಮಲಬಾರಿನಲ್ಲಿ ಕಂಡ ಫ್ರಾನ್ಸಿಸ್ ಬುಕನನ್, 1807ರ ತನ್ನ ಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು.

ಕಲ್ಲಿನ ಮೇಲೆ ಕೆಲವೆಡೆ ಬೆರಳಗಲದ ಮಣ್ಣೂ ಇಲ್ಲ. ಬಿದ್ದ ನೀರು ಹರಿದುಹೋಗುವುದು, ಇಲ್ಲವೇ ಬಿರುಕುಗಳಲ್ಲಿ ಇಂಗುವುದು. ಸಸ್ಯಕ್ಕೆ ಲೆಕ್ಕವಾದುದು ಆಕಾಶದಿಂದ ಬಿದ್ದ ನೀರಲ್ಲ, ಬೇರಿಗೆ ದಕ್ಕಿದ ನೀರು. ಆದುದರಿಂದ ಇಲ್ಲಿಯ ಅನೇಕ ಗಿಡಗಳು, ಮರುಭೂಮಿಯ ಗಿಡಗಳಂತೆಯೇ, ಬೇಸಗೆಯನ್ನು ಬೀಜವಾಗಿ ಕಳೆದು, ಮಳೆಗಾಲದಲ್ಲಿ ಮೊಳೆತು, ಹೂತು, ಬಾಳು ಮುಗಿಸುವುವು.

ಶ್ರಾವಣ ಕಳೆಯುತ್ತಲೇ ಇಂತಹ ಬಯಲಿಗೆ ಮತ್ತೆ ಹೋಗೋಣ. ಈಗ ಎರಿಯೊಕಾಲಾನಿನ ಬಿಳಿಯ ಗುಂಡಿಗಳ ನಡುವೆ ಯುಟ್ರಿಕ್ಯುಲೇರಿಯದ ನೀಲಿ ಹೂಗಳು ಅರಳಿರುವುವು. ಈ ಮುದ್ದು ಹೂವಿನ ಗಿಡ ಬೇಟೆಗಾರ! ಮಣ್ಣಿನಲ್ಲಿ ಸಾಲದ ಸಾರಜನಕವನ್ನು ಅದು ಸೂಕ್ಷ್ಮಪ್ರಾಣಿಗಳಿಂದ ಪಡೆಯುವುದು. ಅದರ ಕಿರುಚೀಲಗಳು ಒಳಗಿನ ನೀರನ್ನು ಹೊರಹಾಕಿ, ಒತ್ತಡ ತಗ್ಗಿಸಿಕೊಂಡು ಕಾದಿರುವುವು. ಬಲಿಪ್ರಾಣಿ ಸೋಕಿದೊಡನೆ ಬಾಗಿಲು ತೆರೆದು, ಹಿಚುಕಿ ಬಿಟ್ಟ ರಬ್ಬರು ಬುರುಡೆ ಶಾಯಿಯನ್ನು ಹೀರುವಂತೆ, ನೀರಿನೊಡನೆ ಅದನ್ನೂ ಒಳಗೆಳೆಯುವುವು. ಕೊಳಗಳಲ್ಲಿ ಬೆಳೆಯುವ ಇದರ ಬಂಧುಗಳಲ್ಲಿ ಈ ಕಾರ್ಯ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಬೇಗ ಮುಗಿಯುವುದೆಂದು ಅಳೆದು ನೋಡಿದ್ದಾರೆ.

ಇಲ್ಲಿ ಹೆಜ್ಜೆಯನ್ನು ನೋಡಿ ಇಡಬೇಕು. ಟಿಟ್ಟಿಭ ಬರಿನೆಲದ ಮೇಲೆಯೇ ಮೊಟ್ಟೆಯಿಡುವುದು. ಕಲ್ಲಿಗೂ ಮೊಟ್ಟೆಗೂ ಭೇದ ಕಾಣದು. ಕೇಳಿಸುವ ಜೀರುಂಡೆಯ ದನಿಯೂ ಜೀರುಂಡೆಯದಾಗಿರಬೇಕೆಂದಿಲ್ಲ. ಬ್ರಹ್ಮಾವರಕ್ಕೆ ಸಮೀಪದ ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ದೊರೆತ, ಅಂತಹುದೇ ದನಿಯ, ಸುಮಾರು 16 ಮಿಲಿಮೀಟರು ಉದ್ದದ ಕಪ್ಪೆಯೊಂದನ್ನು ವಿಜ್ಞಾನಿಗಳು 2016ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಈ ಕಲ್ಲಿನ ಹೆಸರನ್ನೇ ಅದಕ್ಕಿಟ್ಟರು: ಮೈಕ್ರೊಹೈಲ ಲ್ಯಾಟರೈಟ್. ನಾವು ಬಂಜರೆಂದು ಬದಿಗಿಟ್ಟ ನೆಲದಲ್ಲಿ, ಊರಿನ ನಡುವೆಯೇ, ಅದು ಅಷ್ಟು ಕಾಲ ಹೆಸರಿಲ್ಲದೆ ಕೂಗುತ್ತಿತ್ತು!

ಬಂಜರೆಂಬ ಮಾತಿನಿಂದ ನಷ್ಟವಾಗುವುದು ಕಪ್ಪೆಗೆ ಮಾತ್ರವಲ್ಲ. ಮುರಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಶೇಡಿಮಣ್ಣಿನ ಮೇಲೆ ತಡೆದು ನಿಂತು, ಗುಡ್ಡದ ಬುಡದ ಒರತೆಗಳಿಗೂ ಬಾವಿಗಳಿಗೂ ಒದಗುವುದು. ನಮ್ಮ ಮನೆಗಳ ಗೋಡೆಗಳೂ ಈ ಕಲ್ಲಿನವೇ. ಕಲ್ಲು ಕಡಿಯಲೇಬಾರದೆಂದು ನಾವು ಹೇಳಲಾರೆವು. ಆದರೆ ಕಡಿಯುವ ಮೊದಲು ಆ ಬಯಲನ್ನು ಮಳೆಗಾಲದಲ್ಲೊಮ್ಮೆ ನಡೆದು ನೋಡಬೇಕು. ಬೇಸಗೆಯಲ್ಲಷ್ಟೇ ಕಂಡವರು ಅದರ ಬೆಲೆ ಕಟ್ಟಿದರೆ ಲೆಕ್ಕ ತಪ್ಪುವುದು.