ಕೌಪೀನದ ದೇವರು, ಕಂಬಳಿಯ ಊರು

ಬೆಳಗಿನ ಐದೂವರೆಗೆ ಪಳನಿಯಲ್ಲಿ ಬಸ್ಸಿಳಿದಾಗ ಮೊದಲು ಕಂಡದ್ದು ತಲೆಗಳು. ನುಣ್ಣಗೆ ಬೋಳಿಸಿ ಗಂಧ ಮೆತ್ತಿದ ಹಳದಿ ತಲೆಗಳು. ಅಪ್ಪ, ಅಮ್ಮ, ಮಗ, ಮಡಿಲ ಕೂಸು. ಒಂದೇ ಮನೆಯ ನಾಲ್ಕೂ ಬೋಳು ಬೆಂಚಿನ ಮೇಲೆ ಸಾಲಾಗಿ ಮಿರುಗುತ್ತಿದ್ದವು. ಕಾಫಿ ಕೊಟ್ಟವನು ‘ಒಬ್ಬರೇನಾ?’ ಎಂದ. ಹೂಂ ಅಂದೆ. ‘ಮೇಲಿರುವವನೂ ಒಬ್ಬನೇ’ ಎಂದು ಬೆಟ್ಟದತ್ತ ಗದ್ದ ಎತ್ತಿದ.

ಹೌದಲ್ಲ! ಹಣ್ಣಿನ ಆಸೆಗೆ ಈ ಮುರುಗ ನವಿಲೇರಿ ಲೋಕ ಸುತ್ತಿ ಬರುವಷ್ಟರಲ್ಲಿ ಅಣ್ಣ ಗಣಪ ಅಪ್ಪ ಅಮ್ಮನನ್ನೇ ಸುತ್ತಿ ಗೆದ್ದುಬಿಟ್ಟಿದ್ದ. ಮುನಿಸಿಕೊಂಡು ಮನೆ ಬಿಟ್ಟವನು ಬಂದು ನಿಂತದ್ದು ಇಲ್ಲಿ. ಪಕ್ಕದಲ್ಲಿ ವಳ್ಳಿಯಿಲ್ಲ, ದೇವಸೇನೆಯಿಲ್ಲ. ಕೈಗೊಂದು ದಂಡ, ಸೊಂಟಕ್ಕೊಂದು ಕೌಪೀನ. ಕುಕ್ಕೆಯ ಸುಬ್ಬಪ್ಪನನ್ನು ನೋಡುತ್ತ ಬೆಳೆದ ನನಗೆ ಈ ದಂಡಾಯುಧಪಾಣಿ ಬೇರೆ ಮನೆಯ ಹುಡುಗನಂತೆ ಕಂಡ.

ಮೆಟ್ಟಿಲು 693. ಆಗದವರಿಗೆ ವಿಂಚ್ ಇದೆ, ರೋಪ್ ಕಾರ್ ಇದೆ, ನಿಧಾನವಾಗಿ ಏರುವ ಆನೆಹಾದಿಯೂ ಇದೆ. ನಾನು ಜಂಬದಿಂದ ಮೆಟ್ಟಿಲು ಹಿಡಿದೆ. ಮುನ್ನೂರಕ್ಕೆ ಜಂಬ ಇಳಿಯಿತು. ನವಿಲುಗರಿಯ ಕಾವಡಿ ಹೊತ್ತ ಮುದುಕರೊಬ್ಬರು ‘ಅರೋಹರಾ’ ಎನ್ನುತ್ತ ಬರಿಗಾಲಲ್ಲಿ ನನ್ನನ್ನು ದಾಟಿ ಹೋದರು. ಮೇಲೆ ಕರ್ಪೂರದ ಹೊಗೆ, ಒದ್ದೆ ಕಲ್ಲು, ಬೆವರು. ಎರಡು ಗಂಟೆ ಸಾಲು, ನಾಲ್ಕು ಕ್ಷಣ ದರ್ಶನ. ಸಿದ್ಧ ಭೋಗರ್ ನವಪಾಷಾಣದಲ್ಲಿ ಮಾಡಿದ ಮೂರ್ತಿ ಎಂಬುದು ನಂಬಿಕೆ. ಅವರ ಸಮಾಧಿ ಅದೇ ಗುಡಿಯಲ್ಲಿದೆ. ಬೆಳಿಗ್ಗೆ ಭಿಕ್ಷುಕನಾದ ದೇವರು ಸಂಜೆಗೆ ಕಿರೀಟ ತೊಟ್ಟು ರಾಜನಾಗುತ್ತಾನೆ. ರಾಜನಿಗಾಗಿ ನಾನು ಕಾಯಲಿಲ್ಲ.

ಪಂಚಾಮೃತವನ್ನು ಮಾತ್ರ ಬಿಡಲಿಲ್ಲ. ನಮ್ಮಲ್ಲಿ ಅದು ಅಂಗೈಯಿಂದ ಮೊಣಕೈಗೆ ಹರಿಯುವ ಹಾಲು ಮೊಸರು. ಇಲ್ಲಿಯದು ಅಲ್ಲಾಡದ ಮುದ್ದೆ: ಬಾಳೆಹಣ್ಣು, ಸಕ್ಕರೆ, ಖರ್ಜೂರ, ಕಲ್ಲುಸಕ್ಕರೆ, ತುಪ್ಪ, ಜೇನು, ಏಲಕ್ಕಿ. ಹನಿ ನೀರು ಬೀಳುವುದಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಪ್ರಸಾದ. ಅದರ ವಿರೂಪಾಕ್ಷಿ ಬಾಳೆ ಬೆಳೆಯುವುದು ಕೊಡೈಕೆನಾಲ್ ಬೆಟ್ಟಸಾಲಿನ ಇಳಿಜಾರಿನಲ್ಲಿ. ಡಬ್ಬಿ ಚೀಲಕ್ಕೆ ಹಾಕಿಕೊಂಡು ಆ ಬಾಳೆಯ ದಾರಿಯಲ್ಲೇ ಕೊಡೈಗೆ ಬಸ್ಸು ಹತ್ತಿದೆ.

ಅರವತ್ತು ಚಿಲ್ಲರೆ ಕಿಲೋಮೀಟರು. ಮೊದಲು ಹುಣಸೆಮರ, ಆಮೇಲೆ ಬಾಳೆ, ಕಾಫಿ, ಕಿವಿ ಗುಂಯ್ಯೆನ್ನುವ ತಿರುವುಗಳು. ಒಂದು ತಿರುವಿನಲ್ಲಿ ಬಸ್ಸಿನವರೆಲ್ಲ ಒಟ್ಟಿಗೆ ಕಿಟಕಿ ಎಳೆದುಕೊಂಡರು. ಚಳಿ ಬಂದಿತ್ತು.

ಕೊಡೈನ ಕೆರೆ ದೇವರು ಕೊಟ್ಟದ್ದಲ್ಲ. 1863ರಲ್ಲಿ ಲೆವಿಂಜ್ ಎಂಬ ಅಧಿಕಾರಿ ಕಟ್ಟೆ ಹಾಕಿಸಿದ್ದು. ಹಗಲಲ್ಲಿ ಅದರ ದಂಡೆ ಹಾರ್ನು, ಕುದುರೆ, ಜೋಳದ ಹೊಗೆಯ ಜಾತ್ರೆ. ಬೆಳಗಿನ ಆರಕ್ಕೆ ಹೋದರೆ ಮಂಜಿನೊಳಗೆ ಒಂದು ಹುಟ್ಟಿನ ಸದ್ದಷ್ಟೇ. ಇದೇ ಮೋಡದ ಊರಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ಸೂರ್ಯನನ್ನು ಕಾಯುತ್ತಿರುವ ವೀಕ್ಷಣಾಲಯವಿದೆ. ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಎವರ್‌ಶೆಡ್ ಎಂಬ ವಿಜ್ಞಾನಿ 1909ರಲ್ಲಿ ಕಂಡದ್ದು ಇಲ್ಲೇ. ಈಗ ಅದನ್ನು ನಡೆಸುವುದು ನಮ್ಮ ಕೋರಮಂಗಲದ ಖಭೌತ ಸಂಸ್ಥೆ.

ಕೊನೆಗೆ ಕುರಿಂಜಿ ಆಂಡವರ್ ಗುಡಿ. 1936ರದು, ಪಳನಿ ದೇವಸ್ಥಾನಕ್ಕೇ ಸೇರಿದ್ದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವಿನ ಹೆಸರು ಹೊತ್ತ ಅದೇ ಮುರುಗ. ಹಿಂದಿನ ಕಟಕಟೆಗೆ ಒರಗಿ ಡಬ್ಬಿ ತೆರೆದೆ. ಚಳಿಗೆ ಪಂಚಾಮೃತ ಇನ್ನೂ ಗಟ್ಟಿಯಾಗಿತ್ತು. ಮೋಡ ಸರಿದು ಕೆಳಗಿನ ಬಯಲು ಬಿಚ್ಚಿಕೊಂಡಿತು. ನಿನ್ನೆ ಏದುಸಿರಲ್ಲಿ ಹತ್ತಿದ ಬೆಟ್ಟ ಉಗುರಿನಷ್ಟಾಗಿ ಕಂಡಿತು.

ಹೋಗುವವರು ಪಳನಿಯನ್ನು ಮೊದಲು ಮುಗಿಸಿ, ಕೊಡೈಗೆ ಆಮೇಲೆ ಹತ್ತಿ. ಸ್ವೆಟರ್ ಚೀಲದ ತಳದಲ್ಲಿ ಬೇಡ.