ಎರಡನೇ ಪ್ರತಿ ಎಲ್ಲಿದೆ?

ರೋಣ ತಾಲ್ಲೂಕಿನ ಅಸೂಟಿಯಿಂದ ಬೈಕ್ ಹತ್ತಿ ಯಾವ ದಿಕ್ಕಿಗೆ ಹೊರಟರೂ ಕ್ಯಾಮೆರಾಕ್ಕೆ ಕೆಲಸವಿದೆ. ಸೂಡಿಯ ಜೋಡು ಕಳಸದ ಗುಡಿ ಮತ್ತು ನಾಗಕುಂಡ, ಗಜೇಂದ್ರಗಡದ ಗುಡ್ಡದ ಕಾಲಕಾಲೇಶ್ವರ, ನರಗುಂದದ ಕೋಟೆ, ಮಲಪ್ರಭೆಯ ಬಗಲಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಅಲ್ಲಿ ರಾತ್ರಿಯಿಡೀ ನಾಟಕ. ಇನ್ನು ಊರೊಳಗೇ ಭಜನೆ, ಡೊಳ್ಳಿನ ಪದ, ಕಾರಹುಣ್ಣಿಮೆಯ ಎತ್ತುಗಳು. ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬ್‌ಗೋ ಇನ್‌ಸ್ಟಾಗ್ರಾಂಗೋ ಹಾಕುವ ಹುಡುಗ ಹುಡುಗಿಯರು ಈ ಭಾಗದ ಹಳ್ಳಿಗಳಲ್ಲಿ ಈಗ ಅಪರೂಪವಲ್ಲ. ಅವರ ಕೈಯ ಸಾಮಾನು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ. ತೆಗೆದದ್ದನ್ನು ಕಾಪಾಡಿಕೊಳ್ಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ. ಎರಡು ವರ್ಷದ ಹಿಂದಿನ ಜಾತ್ರೆಯ ವಿಡಿಯೊ ಕೇಳಿ ನೋಡಿ. ‘ಆ ಫೋನ್ ಕೆಟ್ಟು ಹೋತ್ರಿ’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಈ ಸೀಮೆಗೆ ಕ್ಯಾಮೆರಾ ಹೊತ್ತು ತಂದವರ ಕಥೆ ದೊಡ್ಡದು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ವಿಜಯಪುರ, ಬಾದಾಮಿ, ಐಹೊಳೆಯ ಕಡೆಯ ಕಟ್ಟಡಗಳ ಫೋಟೊ ತೆಗೆಯಲು ಕಳಿಸಿತು. ಅವನ ನಂತರ ಆ ಕೆಲಸ ವಿಲಿಯಂ ಪಿಗೌ ಎಂಬ ವೈದ್ಯನ ಪಾಲಿಗೆ ಬಂತು. ಆಗ ಫಿಲ್ಮ್ ಇರಲಿಲ್ಲ. ಬೆಳ್ಳಿಯ ಲವಣ ಸವರಿದ ಕಾಗದವೇ ನೆಗೆಟಿವ್. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ರಾಸಾಯನಿಕದ ಶೀಸೆಗಳು, ಕಾಗದದ ಕಟ್ಟು, ಕತ್ತಲೆಗೊಂದು ಡೇರೆ. ಇಷ್ಟು ಹೇರಿಕೊಂಡು ಊರೂರು ತಿರುಗಿದ ಆ ಜನಕ್ಕೆ ನಮ್ಮ ಬಿಸಿಲು, ಧೂಳು ದಯೆ ತೋರಿಸಿರಲಿಕ್ಕಿಲ್ಲ. ಬಿಗ್ಸ್, ಪಿಗೌ ಮತ್ತು ನೀಲ್ ಎಂಬ ಇನ್ನೊಬ್ಬ ತೆಗೆದ ಗದಗ, ಲಕ್ಕುಂಡಿ, ಡಂಬಳ ಮೊದಲಾದ ಕಡೆಯ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅದರ ಬರಹ ಬರೆದರು. ಪುಸ್ತಕವಾದ್ದರಿಂದ ಪ್ರತಿಗಳು ಹಲವು ಕೈಗೆ, ಹಲವು ಗ್ರಂಥಾಲಯಕ್ಕೆ ಹೋದವು. ಚಿತ್ರಗಳು ಉಳಿದವು.

ಅದೇ ಕಾಲದ ಇನ್ನೊಬ್ಬ ಅಲೆಕ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಮೇಣದ ಕಾಗದವನ್ನು ಕೆಲ ದಿನ ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಾಗಿದ್ದರಿಂದ ದೂರದ ಪಯಣಕ್ಕೆ ಅದು ಒಗ್ಗುತ್ತಿತ್ತು. ಆ ನೆಗೆಟಿವ್‌ಗಳು ಶತಮಾನಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳದೆ ಉಳಿದು, 1980ರ ಹೊತ್ತಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದ. ಹಂಪಿಯಲ್ಲಿ ಏನೇನು ಬಿತ್ತು, ಏನೇನು ಕಾಣೆಯಾಯಿತು ಎಂದು ಇವತ್ತು ತೋರಿಸಬಹುದಾದರೆ ಅದು ಈ ಜೋಡಿ ಚಿತ್ರಗಳಿಂದ. ನಡುವಿನ ನೂರು ವರ್ಷದಲ್ಲಿ ಒಂದು ಗೆದ್ದಲು ಹುಳು ಸಾಕಿತ್ತು, ಕಥೆ ಬೇರೆಯಾಗಲು. ಗ್ರೀನ್‌ಲಾನದು ಅದೃಷ್ಟ. ಟೇಲರ್, ಫರ್ಗುಸನ್ನರದು ವ್ಯವಸ್ಥೆ. ಅದೃಷ್ಟ ನೆಚ್ಚಿಕೊಂಡು ಕೆಲಸ ಮಾಡಲು ಆಗುವುದಿಲ್ಲ.

ಇವತ್ತಿನ ಲೆಕ್ಕಕ್ಕೆ ಬರೋಣ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಮೊಬೈಲಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 350 ಎಂಬಿ ತಿನ್ನುತ್ತದೆ. ಅಂದರೆ ಒಂದು ತಾಸಿಗೆ 20 ಜಿಬಿ. ಗೂಗಲ್ ಪುಕ್ಕಟೆಯಾಗಿ ಕೊಡುವುದು ಒಟ್ಟು 15 ಜಿಬಿ, ಅದರಲ್ಲೇ ಜಿಮೇಲೂ ಸೇರಿದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೇ ಮುಗಿಯಿತು. ದುಡ್ಡು ಕೊಟ್ಟು ಜಾಗ ಕೊಂಡರೂ ಕಳಿಸುವುದು ಹೇಗೆ? ದಿನಕ್ಕೆ 2 ಜಿಬಿ ಡೇಟಾ ಪ್ಯಾಕಿನಲ್ಲಿ ಒಂದು ತಾಸಿನ ವಿಡಿಯೊ ಮೇಲೇರಲು ಹತ್ತು ದಿನ ಬೇಕು. ವೈಫೈ ಸಿಕ್ಕು ಅಪ್‌ಲೋಡ್ ವೇಗ 4 ಎಂಬಿಪಿಎಸ್ ಇದ್ದರೂ ಹನ್ನೊಂದು ತಾಸು. ‘ಕ್ಲೌಡ್‌ಗೆ ಹಾಕಿಬಿಡಿ’ ಎಂಬ ನಗರದ ಸಲಹೆ ಹಳ್ಳಿಯ ಜಾತ್ರೆಯ ಬಯಲಿನಲ್ಲಿ ನಡೆಯುವುದಿಲ್ಲ. ನಾಟಕವೊಂದನ್ನು ಐದು ತಾಸು ರೆಕಾರ್ಡ್ ಮಾಡುವವರು 1080ಪಿ ಇಟ್ಟುಕೊಂಡರೆ 40 ಜಿಬಿ ಹತ್ತಿರ ಮುಗಿಯುತ್ತದೆ. ಯೂಟ್ಯೂಬ್ ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸಣ್ಣ ಪರದೆ, ಅಷ್ಟು ಸಾಕು.

ಇನ್ನೊಂದು ಭ್ರಮೆಯನ್ನೂ ಬಿಡಿಸಬೇಕು. ಫೋಟೋಸ್ ಆ್ಯಪ್‌ನಲ್ಲಿ ಕಾಣುತ್ತಿದೆ ಎಂದ ಮಾತ್ರಕ್ಕೆ ಅದು ಬೇರೆ ಪ್ರತಿಯಲ್ಲ. ಆ್ಯಪ್‌ನೊಳಗೆ ಅಳಿಸಿದರೆ ಫೋನಿನಲ್ಲೂ ಕ್ಲೌಡ್‌ನಲ್ಲೂ ಎರಡೂ ಕಡೆ ಅಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೆ ಕಳಿಸಿಟ್ಟಿದ್ದೇನೆ ಎನ್ನುವವರಿದ್ದಾರೆ. ಅಲ್ಲಿ ವಿಡಿಯೊ ಕುಗ್ಗಿ, ಮಸುಕಾಗಿ ಹೋಗಿರುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಹಾಗಾದರೆ ದಾರಿ? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಸೂಟಿಯ ಹುಡುಗನಿಗೆ ಇದನ್ನು ಹೊಂದಿಸುವುದು ಕಷ್ಟವೇನಲ್ಲ. ಲ್ಯಾಪ್‌ಟಾಪ್ ಇಲ್ಲದಿದ್ದರೂ ನಡೆಯುತ್ತದೆ. ಈಗಿನ ಟೈಪ್-ಸಿ ಫೋನಿಗೆ ಒಟಿಜಿ ಮೂಲಕ ಸಣ್ಣ ಎಸ್‌ಎಸ್‌ಡಿ ಸಿಕ್ಕಿಸಿ, ಫೈಲ್ಸ್ ಆ್ಯಪ್ ತೆರೆದು ಕಾಪಿ ಕೊಟ್ಟರೆ 20 ಜಿಬಿ, ಹಳೆಯ ಯುಎಸ್‌ಬಿ ವೇಗದ ಫೋನಿನಲ್ಲೂ ಹತ್ತು ಹನ್ನೆರಡು ನಿಮಿಷದಲ್ಲಿ ದಾಟುತ್ತದೆ. ಕ್ಯಾಮೆರಾ ಇದ್ದವರು ಕಾರ್ಡ್ ರೀಡರ್ ಒಂದನ್ನು ಕೂಡಿಸಿಕೊಂಡರೆ ಆಯಿತು. ತಿರುಗುವ ತಟ್ಟೆಯಿರುವ ಹಳೆಯ ಹಾರ್ಡ್ ಡಿಸ್ಕ್ ಅಗ್ಗ, ಆದರೆ ಅದು ಮನೆಯ ಕಪಾಟಿಗೆ. ನಮ್ಮ ರಸ್ತೆಯ ಬೈಕ್ ಡಿಕ್ಕಿಗೆ ಅಲ್ಲ. ಡಿಸ್ಕನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ನಾಟಕದ ಫೈಲ್ ಅರ್ಧಕ್ಕೆ ನಿಂತಾಗ ಕಾರಣ ಅದೇ ಇರುತ್ತದೆ.

ಕಾಪಿ ಆದ ಮೇಲೆ ಫೈಲನ್ನು ಡಿಸ್ಕಿನಿಂದಲೇ ತೆರೆದು ಮೊದಲು, ನಡುವೆ, ಕೊನೆ ಮೂರು ಕಡೆ ಓಡಿಸಿ ನೋಡಬೇಕು. ಇದನ್ನು ಯಾರೂ ಮಾಡುವುದಿಲ್ಲ. ಎರಡು ಕಡೆ ಪ್ರತಿ ಆಗುವ ತನಕ ಕಾರ್ಡನ್ನು ಖಾಲಿ ಮಾಡಕೂಡದು. ಎಸ್‌ಡಿ ಕಾರ್ಡಿನ ಬದಿಯ ಲಾಕ್ ಗುಂಡಿಯನ್ನು ಕೆಳಗೆ ಸರಿಸಿಟ್ಟರೆ ತಪ್ಪಿ ಅಳಿಸುವ ಭಯವಿಲ್ಲ. ಅಷ್ಟಾಗಿಯೂ ಅಳಿದೇ ಹೋದರೆ ಆ ಕಾರ್ಡಿನಲ್ಲಿ ಮತ್ತೇನನ್ನೂ ತೆಗೆಯದೆ ಎತ್ತಿಡಿ, ರಿಕವರಿ ಸಾಫ್ಟ್‌ವೇರಿಗೆ ಹೆಚ್ಚಿನ ಸಲ ಸಿಕ್ಕುತ್ತದೆ. ಅಗ್ಗದ ನಕಲಿ ಕಾರ್ಡುಗಳ ಕಾಟವೂ ಉಂಟು. ಮೇಲೆ 256 ಜಿಬಿ ಎಂದು ಬರೆದಿದ್ದು, ಒಳಗೆ ಅದರ ಕಾಲುಭಾಗವೂ ಇರುವುದಿಲ್ಲ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ ನೋಡಿಯೇ ಕೆಲಸಕ್ಕೆ ಹಚ್ಚಬೇಕು.

ಚೀಲದ ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರೆ ಭೂಮಿಯ ಧೂಳು ಹಿಟ್ಟಿನಷ್ಟು ನುಣ್ಣಗೆ, ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನ್ ಕಾದು ರೆಕಾರ್ಡಿಂಗ್ ತಾನೇ ನಿಲ್ಲಿಸುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಅಲ್ಲಿ ಮೈಕಿಗೆ ತುಪ್ಪಳದ ಟೋಪಿ ಇಲ್ಲದಿದ್ದರೆ ಮಾತು ಕೇಳುವುದಿಲ್ಲ. ಹಾಡು ರೆಕಾರ್ಡ್ ಮಾಡುವಾಗ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ನಡುವೆ ಮಾವನ ಕರೆ ಬಂದು ಪದ ಕತ್ತರಿಸಿ ಹೋಗುವುದು ಬೇಡ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್. ವಿಮಾನ ಹತ್ತಿದರೂ ಕೈಚೀಲದಲ್ಲಿ ಒಯ್ಯಬಹುದು, ಲಗೇಜಿನಲ್ಲಿ ಹಾಕುವಂತಿಲ್ಲ. ಬಾದಾಮಿ, ಪಟ್ಟದಕಲ್ಲಿನಲ್ಲಿ ಟ್ರೈಪಾಡ್, ಡ್ರೋನ್ ಎರಡಕ್ಕೂ ಮೊದಲೇ ಅನುಮತಿ ಕೇಳಬೇಕು. ಗಿಂಬಲ್? ಇರಲಿ, ಆದರೆ ಡಿಸ್ಕ್ ಕೊಂಡ ಮೇಲೆ.

ಗುಡಿ ಎಲ್ಲಿಗೂ ಹೋಗುವುದಿಲ್ಲ, ಅದರ ಫೋಟೊ ಕಳೆದರೆ ಮುಂದಿನ ವಾರ ಮತ್ತೆ ತೆಗೆಯಬಹುದು. ಎಂಬತ್ತು ದಾಟಿದ ಅಜ್ಜನ ಡೊಳ್ಳಿನ ಪದ ಹಾಗಲ್ಲ. ಬೀಸುಕಲ್ಲಿನ ಹಾಡು ಬಲ್ಲ ಅಜ್ಜಿಯರೂ ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅಂಥದ್ದನ್ನು ರೆಕಾರ್ಡ್ ಮಾಡಿದ ದಿನ ರಾತ್ರಿ ಊಟಕ್ಕೆ ಮುಂಚೆ ಎಸ್‌ಎಸ್‌ಡಿಗೆ ಹಾಕಿ. ಫೈಲಿಗೆ ಊರು, ತಾರೀಖು, ಹಾಡಿದವರ ಹೆಸರು ಬರೆಯಿರಿ. ಹೆಸರಿಲ್ಲದ ಸಾವಿರ ಫೈಲಿನ ನಡುವೆ ಇದ್ದದ್ದೂ ಕಳೆದಂತೆಯೇ. ವಾರದೊಳಗೆ ಮನೆಯ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಮಾಡಿ. ಮೂರನೆಯದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಹಾಡಿದವರ ಮನೆಗೇ ಕೊಟ್ಟು ಬನ್ನಿ. ಅದು ಅವರ ಹಕ್ಕು. ನಿಮಗೂ ಬೇರೆ ಜಾಗದಲ್ಲೊಂದು ಪ್ರತಿ ಇದ್ದಂತಾಯಿತು.